ಹನ್ನೆರಡನೇ ಇಟ್ಟಿಗೆ

ಮೈಸೂರು, ೧೨-೨-೧೯೫೮

ತಮ್ಮ ದೇವಯ್ಯಂಗೆ ಅಣ್ಣನ ಆಶೀರ್ವಾದ.

ನಮ್ಮೂರ ಸ್ಕೂಲ್ ಕಟ್ಟೋಕೆ ನಮ್ಮ ಗೂಡಿನ ಇಟ್ಟಿಗೆ ಆಯ್ತದಾ ಅಂತ ಇವತ್ತು ಇಂಜಿನಿಯರಿಂಗ್ ಕಾಲೇಜಲ್ಲಿ ನೋಡುದ್ರು. ಅಲ್ಲೊಬ್ಬ ಮೇಷ್ಟ್ರು ಹಳ್ಳಿ ಇಟ್ಟಿಗೆ ಮೇಲೇ ಸಂಶೋಧನೆ ಮಾಡ್ತವ್ರೆ. ಅವರ ಯಂತ್ರ ಇಟ್ಟಿಗೇನ ಹಪ್ಪಳದಂಗೆ ಮುರೀತದೆ ಕಣೋ! ನಾನು ಮೊದ್ಲೇ ಬೆರಳಲ್ಲಿ ತಟ್ಟಿ, ಸದ್ದು ಕೇಳಿ, ತಂದಿದ್ದ ಹನ್ನೆರಡೂ ಇಟ್ಟಿಗೆ ಗಟ್ಟಿ ಅಂದಿದ್ದೆ. ಹನ್ನೊಂದು ತಡ್ಕೊಂಡ್ವು, ಒಂದು ಬೇಗ ಒಡೆದೋಯ್ತು.

"ಒಂದು ಹೋದ್ರೇನು, ಪಾಸು ಕಣ್ರೀ ಚಾಮಯ್ಯ" ಅಂದ್ರು ಮೇಷ್ಟ್ರು. ನಾನು ಬುಡ್ಲಿಲ್ಲ, ಚೂರೆಲ್ಲ ಕೆದಕಿ ನೋಡ್ದೆ. ಒಳಗೆ ಗೋಲಿಯಷ್ಟು ಸುಣ್ಣಕಲ್ಲು! ಸುಟ್ಟ ಮೇಲೆ ನೀರು ತಾಕುದ್ರೆ ಅದು ಉಬ್ಬಿ ಇಟ್ಟಿಗೇನೇ ಸೀಳ್ತದೆ. ಅದು ನನ್ನ ಕಿವಿಗೆ ಯಾಕೆ ಸಿಗ್ಲಿಲ್ವೋ, ಅದೇ ಯೋಚ್ನೆ.

ನನ್ನ ಕೆಮ್ಮು ವಾಸಿ. ಪಾಸಾಯ್ತು ಅಂತ ಇಟ್ಟಿಗೆ ಸಾಗ್ಸೋಕೆ ಗಾಡಿ ಕಟ್ಬೇಡ, ಇನ್ನೆಷ್ಟರಲ್ಲಿ ಅಂಥ ಕಲ್ಲು ಅದೋ. ಮಣ್ಣು ಜರಡಿ ಹಿಡಿದು ಹೊಸದಾಗಿ ಸುಡಾನ. ಆ ಗೋಡೆಗೆ ಒರಗಿ ಕೂರೋವು ನಮ್ಮ ಮಕ್ಳು.

ಚಾಮಯ್ಯ