ತೊಂಬತ್ತೇಳರಲ್ಲಿ ನಿಂತ ಅಂಕಿ

ಉತ್ತರಹಳ್ಳಿ, ಬೆಂಗಳೂರು
೯ ಜುಲೈ ೨೦೨೫, ಬುಧವಾರ

ಪ್ರೀತಿಯ ಚಿಕ್ಕಪ್ಪನಿಗೆ ಶರಣು.

ದಾವಣಗೆರೆಯಲ್ಲಿ ನೀವು, ಚಿಕ್ಕಮ್ಮ ಆರಾಮವಾಗಿದ್ದೀರಾ? ಬಾಣಂತಿ ಸಿರಿ ಇಷ್ಟು ಹೊತ್ತಿಗೆ ಎದ್ದು ಓಡಾಡುವಷ್ಟು ಚೇತರಿಸಿಕೊಂಡಿರಬೇಕು. ಮಗು ನಿಮ್ಮ ಮೂಗನ್ನೇ ಪಡೆದುಕೊಂಡು ಬಂದಿದೆ ಎಂದು ಚಿಕ್ಕಮ್ಮ ಹೇಳಿದರು. ಪಾಪ, ಅಷ್ಟು ದೊಡ್ಡ ಮೂಗು ಹೊತ್ತು ಅದು ಎಲ್ಲಿಗೆ ಹೋಗಬೇಕು. ಬೆಣ್ಣೆದೋಸೆ ದಿನಾ ಸಿಗುತ್ತದೆಂದು ದಿನಾ ತಿನ್ನಬೇಡಿ, ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಇಲ್ಲಿ ಅಪ್ಪ ಆರೋಗ್ಯವಾಗಿದ್ದಾರೆ. ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ, ಅಷ್ಟೆ. ಅನ್ನ ಬಡಿಸಲು ಹೋದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಾರೆ, ಸಾಕು ಎಂಬ ಮಾತೂ ಈಗ ಕೈಯಲ್ಲೇ. ನೀವು ನನ್ನ ಫೋನ್ ಎತ್ತುತ್ತಿಲ್ಲ. ವಾಟ್ಸಾಪ್‌ನಲ್ಲಿ ಬರೆದರೆ ಓದುತ್ತೀರಿ, ಉತ್ತರವಿಲ್ಲ. ಕಾಗದವಾದರೆ ಚಿಕ್ಕಮ್ಮನಾದರೂ ಒಡೆಯುತ್ತಾರೆಂದು ಇದನ್ನು ಬರೆಯುತ್ತಿದ್ದೇನೆ. ಅವರಿಗೂ ತಿಳಿಯಲೆಂದು ನಿಮಗೆ ಗೊತ್ತಿರುವುದನ್ನೂ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಚಿಕ್ಕಮ್ಮ, ಇದು ಬಿಳೇಕಹಳ್ಳಿಯ ಒಂದು ನರ್ಸಿಂಗ್ ಹೋಮಿನಲ್ಲಿ ಆದದ್ದು. ಕೆಂಪಕ್ಕ ಎಂಬ ಹಿರಿಯರಿಗೆ ಸೊಂಟದ ಮೂಳೆಯ ಆಪರೇಷನ್ ಆಗಿತ್ತು. ಹಾಸಿಗೆಯ ಪಕ್ಕದಲ್ಲಿ ನಮ್ಮ ಕಂಪನಿಯ ಮಾನಿಟರ್. ಬೆರಳಿಗೆ ಹಾಕಿದ ಕ್ಲಿಪ್ಪಿನಿಂದ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆಯೆಂದು ಅದು ತೋರಿಸಬೇಕು, ಇಳಿದರೆ ಕೂಗಬೇಕು. ಡ್ಯೂಟಿಯಲ್ಲಿದ್ದ ನರ್ಸ್ ಕಲ್ಯಾಣಿ ಪಕ್ಕದ ರೋಗಿಗೆ ಡ್ರಿಪ್ ಬದಲಿಸಿ ತಿರುಗಿದಾಗ ಕೆಂಪಕ್ಕನ ತುಟಿ ನೀಲಿಯಾಗಿತ್ತು. ತೆರೆಯ ಮೇಲೆ ಮಾತ್ರ ತೊಂಬತ್ತೇಳು. ಅಲಾರಂ ಇಲ್ಲ. ಕಲ್ಯಾಣಿ ಆ ಅಂಕಿಯನ್ನು ನಂಬದೆ ಆಕ್ಸಿಜನ್ ಕೊಟ್ಟದ್ದರಿಂದ ಜೀವ ಉಳಿಯಿತು. ಆದರೆ ಕೆಂಪಕ್ಕ ಈಗ ತಮ್ಮ ಮಗ ಮಹೇಶ್‌ನನ್ನು ನೋಡಿ, ‘ನೀವ್ಯಾರು ಸಾರ್?’ ಎಂದು ಕೇಳುತ್ತಾರೆ. ಆಸ್ಪತ್ರೆಯವರು ವಿವರಣೆ ಕೇಳಿದಾಗ ಚಿಕ್ಕಪ್ಪ ನಮ್ಮ ಸೇಲ್ಸ್‌ನ ರವಿಕಿರಣ್ ಜೊತೆ ಹೋದರು. ಯಂತ್ರವನ್ನು ಆಫ್ ಮಾಡಿ, ಆನ್ ಮಾಡಿ, ಸರಿಯಾಗಿ ಓಡುವುದನ್ನು ತೋರಿಸಿದರು. ‘ಅಲಾರಂನ ನಿಮ್ ಸ್ಟಾಫೇ ಆಫ್ ಮಾಡಿರ್ಬೇಕು. ಸದ್ದು ತಡೀಲಾರ್ದೆ ಎಲ್ಲಾ ಕಡೆ ಮಾಡ್ತಾರೆ,’ ಎಂದರು. ಮಾರನೆಯ ದಿನ ಕಲ್ಯಾಣಿಯನ್ನು ಕೆಲಸದಿಂದ ತೆಗೆದರು.

ಯಂತ್ರ ಬನಶಂಕರಿಯ ಆಫೀಸಿಗೆ ವಾಪಸ್ ಬಂತು. ಚಿಕ್ಕಪ್ಪ, ನೀವು ಮೂಲೆಗಿಡು ಎಂದಿರಿ, ನಾನು ಮೇಜಿಗೆ ತಂದೆ. ಯಂತ್ರದ ಕರ್ನಲ್, ಅಂದರೆ ಉಳಿದೆಲ್ಲ ಪ್ರೋಗ್ರಾಂಗಳನ್ನು ನಡೆಸುವ ತಳದ ಕೋಡ್, ತನ್ನೊಳಗಿನ ತಪ್ಪನ್ನು ತಾನೇ ಹಿಡಿದು ಹೇಳಬಲ್ಲದು. ‘ಆ ಬೊಗಳೋದನ್ನ ಮೊದ್ಲು ನಿಲ್ಸು, ಸಿಸ್ಟಂ ಸ್ಲೋ ಆಗುತ್ತೆ,’ ಎಂದು ನೀವು ಆ ತಪಾಸಣೆಗಳನ್ನು ಆಫ್ ಮಾಡಿಸಿದ್ದಿರಿ. ಅವನ್ನು ಮತ್ತೆ ಹಾಕಿ, ಕ್ಲಿಪ್ಪನ್ನು ನನ್ನ ಬೆರಳಿಗೆ ಸಿಕ್ಕಿಸಿಕೊಂಡು, ವೈರನ್ನು ಬುಡದಲ್ಲಿ ಸ್ವಲ್ಪ ಅಲುಗಾಡಿಸಿದೆ. ಮಲಗಬಾರದ ಕಡೆ ಕೋಡ್ ಮಲಗುತ್ತಿದೆ, ಅಂದರೆ ಕೆಲಸ ನಿಲ್ಲಿಸಿ ಕಾಯುತ್ತಿದೆ, ಎಂಬ ಎಚ್ಚರಿಕೆ ಸಾಲುಸಾಲಾಗಿ ಬಂತು. ಆಮೇಲೆ ಎಲ್ಲವೂ ನಿಂತಿತು. ಕ್ಲಿಪ್ಪನ್ನು ತೆಗೆದು ಮೇಜಿನ ಮೇಲಿಟ್ಟರೂ ಅಂಕಿ ಹಾಗೆಯೇ ಇತ್ತು, ಮೇಜೇ ಉಸಿರಾಡುತ್ತಿದೆ ಎನ್ನುವಂತೆ.

ಕ್ಲಿಪ್ಪಿನಲ್ಲಿರುವ ಸೆನ್ಸರಿನ ಜೊತೆ ಮಾತಾಡುವ ಕೋಡ್, ಅಂದರೆ ಡ್ರೈವರ್, ನೀವು ಬರೆದದ್ದು. ಸೆನ್ಸರಿನ ಲೆಕ್ಕ ಮುಟ್ಟುವಾಗ ಬೇರೆ ಯಾರೂ ಕೈ ಹಾಕದಿರಲೆಂದು ಅದು ಒಂದು ಲಾಕ್ ಹಿಡಿಯುತ್ತದೆ. ಆ ಬಗೆಯ ಲಾಕ್ ಹಿಡಿದವರು ಕೆಲಸ ಮುಗಿಸಿ ತಕ್ಷಣ ಬಿಡಬೇಕು, ನಡುವೆ ಮಲಗಬಾರದು. ಅದಕ್ಕಾಗಿ ಕಾಯುವವರು ಬೇರೇನೂ ಮಾಡದೆ ಅಲ್ಲೇ ಸುತ್ತುತ್ತಿರುತ್ತಾರೆ. ನಮ್ಮ ಡ್ರೈವರ್ ಲಾಕ್ ಹಿಡಿದುಕೊಂಡೇ ಸೆನ್ಸರಿನ ಉತ್ತರಕ್ಕೆ ಕಾಯುತ್ತಾ ಮಲಗುತ್ತದೆ. ಉತ್ತರ ಬೇಗ ಬಂದರೆ ಯಾರಿಗೂ ತಿಳಿಯುವುದಿಲ್ಲ. ವೈರ್ ಸಡಿಲವಾದರೆ ಮಲಗಿದ್ದು ಏಳುವುದಿಲ್ಲ, ಅಲಾರಂ ಕೂಗಿಸಬೇಕಾದ ಭಾಗ ಬಾಗಿಲಲ್ಲೇ ನಿಂತಿರುತ್ತದೆ. ಸರಿಪಡಿಸುವುದು ಕಷ್ಟವಾಗಲಿಲ್ಲ. ಲಾಕಿನ ಬಗೆ ಬದಲಿಸಿ, ಕಾಯುವ ಕೆಲಸವನ್ನು ಮಲಗಿದರೂ ತೊಂದರೆಯಾಗದ ಜಾಗಕ್ಕೆ ಸರಿಸಿದೆ. ಮತ್ತೆ ವೈರ್ ಅಲುಗಾಡಿಸಿದೆ. ಯಂತ್ರ ಕೂಗಿತು. ಖುಷಿಯಿಂದ ನಿಮ್ಮನ್ನು ಕರೆದೆ.

ಹಳೆಯದು ನಿಲ್ಲುವುದು, ತಿದ್ದಿದ್ದು ಕೂಗುವುದು, ನೀವು ಎರಡನ್ನೂ ನೋಡಿದಿರಿ. ಆಮೇಲೆ ಪ್ಲಗ್ ಕಿತ್ತಿರಿ.

‘ವೈರ್ ಎಳ್ದೂ ಎಳ್ದೂ ನೀನ್ ಮಾಡಿರೋದಿದು. ಆಸ್ಪತ್ರೇಲಿ ಯಾರ್ ಎಳೀತಾರೆ?’

‘ರೋಗಿ ಮಗ್ಗುಲು ಬದಲಾಯಿಸಿದ್ರೆ ಸಾಕು ಚಿಕ್ಕಪ್ಪ,’ ಎಂದೆ.

‘ನಾನ್ ಬರ್ದಿರೋದು ಅದು. ಇಷ್ಟ್ ವರ್ಷ ಓಡಿದೆ.’

ನೀವು ಬರೆದದ್ದೆಂದು ನನಗೆ ಗೊತ್ತಿಲ್ಲವೇ? ಪಿಯುಸಿ ರಜೆಯಲ್ಲಿ ನನ್ನ ಕೈಯಿಂದ ಮೊದಲ ಪ್ರೋಗ್ರಾಂ ಬರೆಸಿದವರು ನೀವು. ತಪ್ಪಿದರೆ ಬೈಯದೆ ಪಕ್ಕದಲ್ಲಿ ಕೂತು, ‘ಮಷೀನ್ ಮೇಲೆ ಕೋಪ ಮಾಡ್ಕೋಬೇಡ ಪುಟ್ಟಿ, ನಾವ್ ಹೇಳಿದ್ದನ್ನೇ ಅದು ಮಾಡಿರೋದು,’ ಎನ್ನುತ್ತಿದ್ದಿರಿ. ಆ ಚಿಕ್ಕಪ್ಪನನ್ನು ಅವತ್ತು ಆಫೀಸಿನಲ್ಲೆಲ್ಲ ಹುಡುಕಿದೆ. ಕೊನೆಗೆ ಒಪ್ಪಿದಿರಿ, ನಿಮ್ಮ ರೀತಿಯಲ್ಲಿ: ಹೊಸ ಯಂತ್ರಗಳಿಗೆ ತಿದ್ದುಪಡಿ ಹಾಕು, ವಿವರಣೆಯಲ್ಲಿ ವೇಗ ಹೆಚ್ಚಿಸಿದ್ದೇವೆ ಅಂತ ಬರಿ. ಆಸ್ಪತ್ರೆಗಳಲ್ಲಿರುವ ಹಳೆಯವಕ್ಕೆ? ‘ಅದನ್ನ ಹೇಳ್ಕೊಂಡ್ರೆ ಕಂಪನಿ ಮುಚ್ಬೇಕಾಗುತ್ತೆ.’ ಕಲ್ಯಾಣಿ? ‘ನರ್ಸ್‌ಗಳಿಗೆ ಕೆಲ್ಸಕ್ಕೇನ್ ಬರ. ಇನ್ನೊಂದ್ ಕಡೆ ಸಿಗುತ್ತೆ ಬಿಡು.’ ಮಾರನೆಯ ದಿನ ಮೊಮ್ಮಗಳನ್ನು ನೋಡಲು ಹೊರಟುಬಿಟ್ಟಿರಿ.

ಸಿಗಲಿಲ್ಲ ಚಿಕ್ಕಪ್ಪ. ಅವಳು ಮಡಿವಾಳ ಮಾರ್ಕೆಟ್ ಹತ್ತಿರದ ಬಟ್ಟೆ ಅಂಗಡಿಯಲ್ಲಿ ನೈಟಿ ಮಡಿಸುತ್ತಿದ್ದಾಳೆ. ಎಲ್ಲಿ ಕೆಲಸ ಕೇಳಿದರೂ ಹಳೆಯ ನರ್ಸಿಂಗ್ ಹೋಮಿಗೆ ಫೋನ್ ಮಾಡಿ ವಿಚಾರಿಸುತ್ತಾರಂತೆ. ನಾನು ಆ ಅಂಗಡಿಗೆ ಹೋಗಿ ಯಾವ ಕಂಪನಿಯವಳೆಂದು ಹೇಳಿದಾಗ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ‘ಮೇಡಂ, ನಾನು ಅಲಾರಂ ಮುಟ್ಟಿರ್ಲಿಲ್ಲ ಅಲ್ವಾ? ಎಲ್ರೂ ಹೇಳೀ ಹೇಳೀ ಈಗ ನಂಗೇ ಡೌಟ್ ಬರ್ತಿದೆ. ಮುಟ್ಟಿದ್ದೆ ಅಂತ ಕನಸೂ ಬೀಳುತ್ತೆ,’ ಎಂದಳು. ಮುಟ್ಟಿರಲಿಲ್ಲ, ಯಂತ್ರವೇ ನಿಂತುಹೋಗಿತ್ತು ಎಂದೆ. ಅವಳು ಕೈಯಲ್ಲಿದ್ದ ನೈಟಿಯನ್ನು ಪೂರ್ತಿ ಮಡಿಸಿಟ್ಟು, ‘ಇದನ್ನ ಡಾಕ್ಟರ್ ಮುಂದೆ ಬಂದು ಹೇಳ್ತೀರಾ?’ ಎಂದಳು. ನಮ್ಮ ಚಿಕ್ಕಪ್ಪನನ್ನು ಕೇಳಿ ಹೇಳುತ್ತೇನೆ ಎಂದೆ. ಆಗ ಅವಳು ನಕ್ಕಳು. ಅಂಥ ನಗುವನ್ನು ನಾನು ಇನ್ನೊಮ್ಮೆ ನೋಡಲಾರೆ.

ಅಪ್ಪನಿಗೆ ಎಲ್ಲ ಹೇಳಿದೆ. ‘ನನ್ ತಮ್ಮನ್ನ ಬೀದಿಗೆ ಎಳೀತೀಯಾ?’ ಎಂದರು. ಅದೇ ಅವರ ಕೊನೆಯ ಮಾತು. ಎಳೆಯುವ ಆಸೆ ನನಗಿಲ್ಲ, ಅದಕ್ಕೇ ಕೇಳುತ್ತಿದ್ದೇನೆ: ನೀವೇ ಬನ್ನಿ. ನೀವೇ ಹೇಳಿ. ಹಳೆಯ ಯಂತ್ರಗಳಿಗೆಲ್ಲ ತಿದ್ದುಪಡಿ ಹಾಕಿಸೋಣ, ನಿಮ್ಮ ಪಕ್ಕದಲ್ಲಿ ನಾನು ನಿಲ್ಲುತ್ತೇನೆ. ಕೋಡಿನಲ್ಲಿ ತಪ್ಪಾಗದವರು ಯಾರಿದ್ದಾರೆ? ಅದಕ್ಕೆ ನನಗೆ ಸಿಟ್ಟಿಲ್ಲ. ಎಲ್ಲ ಕಣ್ಣಾರೆ ಕಂಡ ಮೇಲೆ ಪ್ಲಗ್ ಕಿತ್ತಿರಲ್ಲ, ಸಿಟ್ಟು ಅದಕ್ಕೆ.

ಸಿರಿಗೆ ನನ್ನ ನೆನಪು ಹೇಳಿ, ಮಗುವಿನ ಮೂಗಿಗೆ ಒಂದು ಮುತ್ತು ಕೊಡಿ. ಚಿಕ್ಕಮ್ಮನಿಗೆ ಶರಣು.

ನಿಮ್ಮ ಪುಟ್ಟಿ,
ಶಿಲ್ಪಶ್ರೀ

ಗುರುವಾರ ಸಂಜೆ ಸೇರಿಸಿದ್ದು: ಕಾಗದ ಇನ್ನೂ ಅಂಚೆಗೆ ಹಾಕಿರಲಿಲ್ಲ. ಬೆಳಿಗ್ಗೆ ಆಫೀಸಿಗೆ ಹೋದರೆ ಕೆಂಪಕ್ಕನ ಯಂತ್ರ ಮೇಜಿನ ಮೇಲಿಲ್ಲ. ನೀವು ಫೋನಿನಲ್ಲಿ ಹೇಳಿದಿರೆಂದು ರವಿಕಿರಣ್ ಅದಕ್ಕೆ ಹಳೆಯ ಸಾಫ್ಟ್‌ವೇರನ್ನೇ ಹಾಕಿ, ಅದೇ ನರ್ಸಿಂಗ್ ಹೋಮಿಗೆ ವಾಪಸ್ ಕಳಿಸಿದ್ದಾನೆ. ನಿಮ್ಮ ಫೋನ್ ಕೆಟ್ಟಿಲ್ಲವೆಂದು ಹಾಗೆ ತಿಳಿಯಿತು. ಆಟೋ ಹಿಡಿದು ಮಡಿವಾಳಕ್ಕೆ ಹೋಗಿ, ಕಲ್ಯಾಣಿಯನ್ನು ಕರೆದುಕೊಂಡು ಬಿಳೇಕಹಳ್ಳಿಗೆ ಹೋದೆ. ಮಹೇಶ್ ಅವರನ್ನೂ ಕರೆಸಿದೆ. ಕ್ಲಿಪ್ಪನ್ನು ಡಾಕ್ಟರ ಬೆರಳಿಗೇ ಹಾಕಿ ವೈರ್ ಅಲುಗಾಡಿಸಿದೆ. ಸ್ವಲ್ಪ ಹೊತ್ತಿಗೆ ತೆರೆಯ ಅಂಕಿ ನಿಂತುಹೋಯಿತು, ಕ್ಲಿಪ್ಪನ್ನು ತೆಗೆದರೂ ಅಲಾರಂ ಕೂಗಲಿಲ್ಲ. ಡಾಕ್ಟರು ಕಲ್ಯಾಣಿಯ ಮುಖ ನೋಡದೆ ಹೊರಗೆ ಹೋದರು. ಅವಳನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವ ಮಾತು ಯಾರೂ ಎತ್ತಲಿಲ್ಲ. ನಮ್ಮ ಯಂತ್ರ ಇರುವ ಆಸ್ಪತ್ರೆಗಳಿಗೆಲ್ಲ ಈ ದೋಷವನ್ನು ತಿಳಿಸಿ ಮಧ್ಯಾಹ್ನ ನನ್ನ ಹೆಸರಿನಲ್ಲಿ ಮೇಲ್ ಕಳಿಸಿದ್ದೇನೆ. ಮಹೇಶ್ ಕೇಳಿದ್ದು ಒಂದೇ ಮಾತು, ‘ಇದನ್ನ ಬರ್ದೋರು ಯಾರು?’ ಚಿದಾನಂದ್ ಅಂತ, ನಮ್ಮ ಚಿಕ್ಕಪ್ಪ, ಎಂದೆ.