ಮಧ್ಯದಲ್ಲಿ ಆರದ ಸಿಗಾರ್

ಪ್ರೀತಿಯ ಸುಪ್ರಜಾ,

ಮೊನ್ನೆ ನೀನು ಫೋನ್ ಮಾಡಿದಾಗ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ನಾನು ಬಿಟ್ಟು ಬಂದ ಗಂಡನನ್ನು ನೀನು ಮದುವೆಯಾಗಿ ಎಂಟು ತಿಂಗಳಾಯಿತು. ನಾವಿಬ್ಬರೂ ಆಡಿದ ಮೊದಲ ಮಾತೇ ಅದು. "ಅಕ್ಕಾ, ಬ್ಯಾಂಕಿನ ಬೈಕುಲ್ಲಾ ಬ್ರಾಂಚ್ ಫೋನಿಂದ ಮಾಡ್ತಿದೀನಿ. ಭಾನುವಾರ ಇವರ ಬರ್ತ್‌ಡೇ. ಒಂದು ಬಾಕ್ಸ್ ಸಿಗಾರ್ ಕೊಡೋಣಾಂತ. ಯಾವುದು ತಗೊಳ್ಳಲಿ? ರೇಟ್ ಎಷ್ಟಾದ್ರೂ ಆಗಲಿ, ಮಧ್ಯದಲ್ಲಿ ಆರಿಹೋಗಬಾರದು ಅಷ್ಟೆ."

ಆ ಕೊನೆಯ ಮಾತಿಗೆ ನನ್ನ ಎಡ ಮೊಣಕೈಯ ಒಳಭಾಗ ಚುರುಗುಟ್ಟಿತು. ಹೆದರಿದ ಹೆಂಗಸು ಮಾತ್ರ ಹಾಗೆ ಕೇಳುತ್ತಾಳೆ. ನನ್ನ ಫೋನನ್ನು ತೆಗೆದು ನೋಡುತ್ತಿದ್ದ ಅವರು ನಿನ್ನದನ್ನೂ ನೋಡುತ್ತಿರುತ್ತಾರೆ. ಅದಕ್ಕೇ ಬ್ಯಾಂಕಿನ ವಿಳಾಸಕ್ಕೆ ಈ ಪತ್ರ.

ಒಂದು ದಿನವೂ ಸೇದದ ನಾನು ಸಿಗಾರ್ ಪರೀಕ್ಷೆಯಲ್ಲಿ ಪಳಗಿದವಳು. ಅವರಿಗೆ ಬೇಕಾದದ್ದು ಮೀಡಿಯಂ, ತೀರಾ ಖಾರವೂ ಅಲ್ಲದ ಸಪ್ಪೆಯೂ ಅಲ್ಲದ ಸಿಗಾರ್. ಮೊದಲಿಗೆ ಹುರಿದ ಕಾಫಿ ಬೀಜ, ನಡುವೆ ಒಣ ಕಟ್ಟಿಗೆ, ಕೊನೆಗೆ ಕರಿಮೆಣಸಿನ ರುಚಿ ಬರಬೇಕೆಂದು ಜೋಗೇಶ್ವರಿಯ ಆ ಬಾಲ್ಕನಿಯಲ್ಲಿ ಕೂತು ಸ್ನೇಹಿತರಿಗೆ ವಿವರಿಸುತ್ತಿದ್ದರು. ಮದುವೆಯಾದ ಮೂರನೇ ವಾರ ಒಂದು ಸಿಗಾರಿನಲ್ಲಿ ಎಷ್ಟು ಎಳೆದರೂ ಹೊಗೆ ಸರಿಯಾಗಿ ಬರಲಿಲ್ಲ. ನನ್ನ ಕೈ ತಿರುಚಿ, ಕೆಂಡದ ತುದಿಯನ್ನು ಮೊಣಕೈ ಒಳಗೆ ಒತ್ತಿ ನಂದಿಸಿದರು. ಅತ್ತೆ ಸುಬ್ಬಲಕ್ಷ್ಮಮ್ಮ ಮುಲಾಮು ಹಚ್ಚುತ್ತಾ, "ಕಟ್ಟಿರೋದು ಸರಿ ಇಲ್ದಿದ್ರೆ ಅವನಿಗೆ ಸಿಟ್ಟು ಬರತ್ತಮ್ಮಾ. ನೀನೇ ಮೊದಲು ಮುಟ್ಟಿ ನೋಡಿ ಕೊಡು" ಎಂದರು.

ಹನ್ನೊಂದು ವರ್ಷ ಮುಟ್ಟಿ ನೋಡಿ ಕೊಟ್ಟೆ. ಎರಡು ಬೆರಳ ನಡುವೆ ಹಿಡಿದು ಬುಡದಿಂದ ತುದಿಯವರೆಗೆ ಮೆಲ್ಲಗೆ ಒತ್ತಬೇಕು. ಒಳಗೆ ಗಂಟು ಸಿಕ್ಕರೆ ಹೊಗೆ ಬರುವುದಿಲ್ಲ. ತೀರಾ ಮೆತ್ತಗಿದ್ದರೆ ಬೇಗ ಉರಿದು ಕಹಿಯಾಗುತ್ತದೆ. ಹೊರಗೆ ಸುತ್ತಿದ ಎಲೆಯ ನರ ದಪ್ಪವಾಗಿದ್ದರೆ ಒಂದೇ ಪಕ್ಕ ಉರಿಯುತ್ತದೆ. ಮಳೆಗಾಲದಲ್ಲಿ ಉಬ್ಬಿಕೊಳ್ಳುತ್ತವೆಂದು ಪೆಟ್ಟಿಗೆಯನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಡುತ್ತಿದ್ದೆ. ಎಂ.ಎ.ಯಲ್ಲಿ ಪದ್ಯದ ಸಾಲುಗಳ ಮೇಲೆ ಓಡಿದ ಬೆರಳು ಆ ಸುರುಳಿಗಳ ಮೇಲೆ ಓಡುತ್ತಿತ್ತು; ಒಂದು ಪದ್ಯವೂ ನೆನಪಿಗೆ ಬರುತ್ತಿರಲಿಲ್ಲ.

ಬೆರಳು ಕೆಲವು ಸಲ ತಪ್ಪುತ್ತಿತ್ತು. ಒಮ್ಮೆ ಕಿವಿಯ ತಮಟೆ ಒಡೆಯಿತು. ಇನ್ನೊಮ್ಮೆ ಕೂದಲು ಹಿಡಿದು ಬಾಲ್ಕನಿಯ ಕಂಬಿಗೆ ಜಜ್ಜಿದಾಗ ಎರಡು ಹಲ್ಲು ಹೋದವು. ಬಾಯಿ ತುಂಬ ರಕ್ತವಿದ್ದರೂ ನಾನು ಬೈದುಕೊಂಡದ್ದು ಆ ಸಿಗಾರನ್ನೇ.

ಆ ಮನೆಯಲ್ಲಿದ್ದ ಕೊನೆಯ ಭಾನುವಾರ ನಾನು ಆಯ್ದು ಕೊಟ್ಟಂಥ ಸಿಗಾರನ್ನು ಮತ್ತೆಲ್ಲೂ ಕಂಡಿಲ್ಲ. ಉರಿಯ ಅಂಚು ಬಳೆಯ ಹಾಗೆ ಸಮವಾಗಿತ್ತು. ಬೂದಿ ಒಂದೂವರೆ ಇಂಚು ಬೆಳೆದರೂ ಉದುರಲಿಲ್ಲ. "ಫಸ್ಟ್ ಕ್ಲಾಸ್ ಕಣೇ! ಕೊಟ್ಟ ದುಡ್ಡಿಗೆ ಮೋಸ ಇಲ್ಲ" ಎಂದು ನಗುತ್ತಾ ನನ್ನ ಕೈ ಎಳೆದುಕೊಂಡರು. ಹಳೆಯ ಮೂರು ಕಲೆಗಳ ಪಕ್ಕದಲ್ಲಿ ನಾಲ್ಕನೆಯದು ಬಿತ್ತು.

ಆ ಸಿಗಾರಿನಲ್ಲಿ ಏನೂ ತಪ್ಪಿರಲಿಲ್ಲ, ಸುಪ್ರಜಾ.

ಗಾಜಿನ ದಪ್ಪ ಆಶ್‌ಟ್ರೇ ಎತ್ತಿ ಹೊಡೆದೆ. ಅವನ ಹೆಗಲ ಮೂಳೆ ಲಟಕ್ಕೆಂದಿತು. ಮತ್ತೊಮ್ಮೆ ಎತ್ತಿದೆ, ಈ ಸಲ ತಲೆಗೆ. ಅವನ ಕಣ್ಣಿನ ಹೆದರಿಕೆ ನನಗೆ ಹಿತವಾಯಿತು. ಆ ಹಿತಕ್ಕೇ ಹೆದರಿ, ಹೊಡೆಯದೆ ಅದನ್ನು ಕೆಳಗಿಟ್ಟು, ಉಟ್ಟ ಸೀರೆಯಲ್ಲೇ ರೈಲ್ವೆ ಸ್ಟೇಷನ್ನಿಗೆ ನಡೆದೆ.

ನೀನು ಕೇಳಿದ ಸಿಗಾರಿನ ಹೆಸರು ನನಗೆ ಗೊತ್ತು. ಬರೆದು ಕೊಟ್ಟರೆ ನಾನೂ ಸುಬ್ಬಲಕ್ಷ್ಮಮ್ಮನೇ ಆಗುತ್ತೇನೆ. ಬರೆಯುವುದಿಲ್ಲ. ಭಾನುವಾರದೊಳಗೆ ಒಂದು ಸಂಜೆ ಬ್ಯಾಂಕಿನಿಂದ ಹಾಗೇ ಹೊರಡು. ಕುರ್ಲಾದಲ್ಲಿ ಗಾಡಿ ಬದಲಿಸಿ ಚೆಂಬೂರಿಗೆ ಬಾ. ವಿಳಾಸ ಹಿಂಬದಿಯಲ್ಲಿದೆ, ಮನೆಯ ಬೀಗದ ಕೈ ಈ ಲಕೋಟೆಯಲ್ಲೇ ಇದೆ. ಬಟ್ಟೆ ತರಲು ಮನೆಗೆ ಹೋಗಬೇಡ, ನನ್ನವನ್ನೇ ಹಾಕಿಕೊಂಡರಾಯಿತು. ಎಲ್ಲವೂ ಗಿಡ್ಡ ತೋಳಿನವು. ನಾನೀಗ ಕೈ ಮುಚ್ಚಿಕೊಳ್ಳುವುದಿಲ್ಲ.

ನಿನ್ನ ಮೈ ತಣ್ಣಗಿರಲಿ ಎಂದು ಹರಸುತ್ತಾ, ಬಾಗಿಲ ಸದ್ದಿಗೆ ಕಿವಿಗೊಟ್ಟಿರುವ,

ನಿನ್ನ ಅಕ್ಕ
ಮಾಧುರಿ