ಮೇಜಿದ್ದ ಜಾಗದಲ್ಲಿ ಓವನ್

ಬುಧವಾರ, ೧೪ನೇ ತಾರೀಖು
ಪೆಟ್ರೋಲ್ ಬಂಕಿನ ಹಿಂದಿನ ಮೈದಾನ, ಬೆಳಿಗ್ಗೆ

ನನ್ನ ಮನೆಯವಳಿಗೆ,

ನಾನು ಇಲ್ಲಿ ಚೆನ್ನಾಗಿದ್ದೇನೆ. ಅಲ್ಲಿ ನೀನು, ನಿನ್ನಕ್ಕ, ನನ್ನ ಷಡ್ಡಕ ಮಹಾಶಯರು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಹೋದ ವಾರವೇ ಬರೆಯಬೇಕಿತ್ತು. ಅದರ ಹಿಂದಿನ ವಾರವೂ ಬರೆಯಬೇಕಿತ್ತು. ತಪ್ಪಾಯಿತು, ಬೈದುಕೋ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. "ಫೋನಲ್ಲಿ ಅವ್ರು ಸೌಟು ಆಡಿಸ್ತಾನೇ ಹ್ಞೂಂ ಹ್ಞೂಂ ಅಂತಾರೆ. ಕಾಗದ ಬರೀಲಿ, ಆಗ್ಲಾದ್ರೂ ಒಂದು ಕಡೆ ಕೂರ್ತಾರೆ" ಎಂದು ನಿನ್ನಕ್ಕನ ಕೈಲಿ ಹೇಳಿಸಿದೆ. ಕೂತು ಬರೆಯೋಣವೆಂದೇ ಇಪ್ಪತ್ತಮೂರು ದಿನ ಕಾದೆ. ಆ ಗಳಿಗೆ ಬರಲಿಲ್ಲ. ನಿಜ ಹೇಳಿಬಿಡುತ್ತೇನೆ, ಇದನ್ನೂ ಒಲೆಯ ಪಕ್ಕದ ಕಟ್ಟೆಯ ಮೇಲೆ ಕಾಗದವಿಟ್ಟು ನಿಂತುಕೊಂಡೇ ಬರೆಯುತ್ತಿದ್ದೇನೆ. ಎಡಗೈ ಪಕ್ಕದಲ್ಲಿ ಈರುಳ್ಳಿ ಬಾಡುತ್ತಿದೆ. ಅಕ್ಷರ ಸೊಟ್ಟಗಾದರೆ ಅದರ ತಪ್ಪು.

ಮೊದಲು ಜಗಳದ ವಿಷಯ ಮುಗಿಸಿಬಿಡೋಣ. ಮೂವತ್ತೆರಡು ವರ್ಷ ರೈಲಿನ ಅಡುಗೆ ಬೋಗಿಯಲ್ಲಿ ಬೇಯಿಸಿದವನು ನಿವೃತ್ತನಾದ ಮೇಲೆ ನಾಲ್ಕು ಗೋಡೆಯ ಮಧ್ಯೆ ಇರಲಾರೆನೆಂದು ಹಟ ಹಿಡಿದು ಒಲೆ, ಹಾಸಿಗೆ ಎಲ್ಲ ಒಳಗೇ ಇರುವ ಈ ಮನೆಗಾಡಿ ಕೊಂಡೆ. ಆಗ ನೀನು ಕೇಳಿದ್ದು ಒಂದೇ ಒಂದು. ಕಿಟಕಿಯ ಪಕ್ಕ ಒಂದು ಮೇಜು, ಎದುರುಬದುರು ಎರಡು ಸೀಟು. ಎರಡೂ ಇದ್ದವು. ಎಂಟು ತಿಂಗಳು ಊರೂರು ಸುತ್ತಿದೆವು, ಆ ಎದುರು ಸೀಟಿನಲ್ಲಿ ನಾನು ಒಂದು ಹೊತ್ತೂ ಕೂತು ಉಣ್ಣಲಿಲ್ಲ. ನಿನಗೆ ಬಡಿಸಿ, ನಿನ್ನದಾದ ಮೇಲೆ ಒಲೆಯ ಬಳಿ ನಿಂತು ನನ್ನದು ಮುಗಿಸುತ್ತಿದ್ದೆ. ನೀನು ಕೇಳಿದಾಗಲೆಲ್ಲ, ಮನೆಯಲ್ಲಿ ಹೇಳುತ್ತಿದ್ದ ಅದೇ ಉತ್ತರ, ರೈಲಿನ ಅಭ್ಯಾಸ. ಕೊನೆಗೆ ಆ ದಿನ ನೀನು ಬಟ್ಟೆ ಒಗೆದುಕೊಂಡು ಬರುವಷ್ಟರಲ್ಲಿ ನಾನು ಮೇಜು ಕಿತ್ತು, ಸೀಟು ಕಿತ್ತು, ಆ ಜಾಗದಲ್ಲಿ ಓವನ್ ಕೂರಿಸಿದ್ದೆ. ನಿನಗೆ ಬಿಸಿ ಬ್ರೆಡ್ಡೆಂದರೆ ಪ್ರಾಣ ಎಂದೇ ತಂದದ್ದು. ಒಗೆದ ಬಟ್ಟೆಯ ಬಕೆಟ್ ಹಿಡಿದು ನೀನು ಬಾಗಿಲಲ್ಲೇ ನಿಂತುಬಿಟ್ಟೆ.

"ನಿಮಗೆ ನಾನು ಉಣ್ಣೋದು ಬೇಕು. ನನ್ ಜೊತೆ ಉಣ್ಣೋದು ಬೇಡ" ಎಂದೆ. ಒದ್ದೆ ಬಟ್ಟೆಯನ್ನೇ ಚೀಲಕ್ಕೆ ತುಂಬಿದೆ. "ಎದುರಿಗೆ ಕೂತು ಒಂದು ಊಟ ಮುಗಿಸೋಕಾಗೋ ದಿನ ಬನ್ನಿ, ಹೊರಟು ಬರ್ತೀನಿ. ಅಲ್ಲೀವರೆಗೂ ಅಕ್ಕನ ಮನೇಲಿರ್ತೀನಿ."

ಮೇಜಿನ ಹಲಗೆ ಕೊಯ್ದದ್ದಕ್ಕೆ ಕೋಪ ಬಂದಿದೆಯೆಂದುಕೊಂಡ ನಾನು, "ಹಲಗೆ ಎಲ್ಲೂ ಹೋಗಿಲ್ಲ ಕಣೇ, ಓವನ್ ಕೆಳಗೆ ಕೊಟ್ಟಿದ್ದೀನಿ" ಎಂದೆ. ನೀನು ನನ್ನ ಮುಖ ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ನಿನ್ನನ್ನು ಅಕ್ಕನ ಮನೆಯ ಗೇಟಿನವರೆಗೆ ಬಿಟ್ಟವನು, ಒಳಗೂ ಬರದೆ ಗಾಡಿ ತಿರುಗಿಸಿದೆ.

ಭಾನುವಾರ ಬರುತ್ತೇನೆ. ಬಂದು ಕೂರುತ್ತೇನೆ, ಉಣ್ಣುತ್ತೇನೆ. ಅದೇನು ಮಹಾ ಕೆಲಸ.

ಅಡುಗೆ ವಿಷಯದಲ್ಲಿ ಮಾತ್ರ ನನಗೇನೂ ಕಡಿಮೆಯಿಲ್ಲ. ಗಾಡಿ ನಿಲ್ಲಿಸಿದ ತಕ್ಷಣ ಕಟ್ಟೆಯ ಮೇಲೆ ಬಟ್ಟಲಲ್ಲಿ ನೀರಿಡುತ್ತೇನೆ. ನೀರು ಯಾವ ಕಡೆ ವಾಲುತ್ತದೋ ಆ ಕಡೆಯ ಚಕ್ರದಡಿಗೆ ಮರದ ತುಂಡು ಕೊಡುತ್ತೇನೆ. ಇಲ್ಲವಾದರೆ ಬಾಣಲೆಯ ಎಣ್ಣೆಯೆಲ್ಲ ಒಂದೇ ಮೂಲೆಗೆ ಓಡಿ ಅರ್ಧ ಸೀದು ಅರ್ಧ ಹಸಿಯಾಗುತ್ತದೆ. ಪಾತ್ರೆಯನ್ನು ಅರ್ಧಕ್ಕಿಂತ ಮೇಲೆ ತುಂಬುವುದಿಲ್ಲ, ಹೊರಡುವ ಮುಂಚೆ ಸಿಲಿಂಡರಿನ ವಾಲ್ವ್ ಎರಡು ಸಲ ಮುಟ್ಟಿ ನೋಡುತ್ತೇನೆ. ಅನ್ನಕ್ಕೊಂದು ಹೊಸ ಉಪಾಯ ಕಂಡುಹಿಡಿದಿದ್ದೇನೆ. ಹತ್ತು ನಿಮಿಷ ಕುದಿಸಿ ಒಲೆ ಆರಿಸುವುದು, ಮುಚ್ಚಳ ಬಿಗಿದು ನಿನ್ನ ಹೊದಿಕೆಯಲ್ಲಿ ಸುತ್ತಿ ನಿನ್ನ ಹಾಸಿಗೆಯ ಮೇಲೆ ಮಲಗಿಸುವುದು, ಗಾಡಿ ಹೊರಡಿಸುವುದು. ಇನ್ನೊಂದು ಊರು ಸೇರುವಷ್ಟರಲ್ಲಿ ಅನ್ನ ಮಲ್ಲಿಗೆಯಂತೆ ಬಿಡಿಬಿಡಿ. ಅಳತೆ ಮಾತ್ರ ಇನ್ನೂ ಇಬ್ಬರದೇ ಬರುತ್ತದೆ. ಮೂವತ್ತು ಕೇಜಿಯಿಂದ ಒಂದು ಲೋಟಕ್ಕೆ ಇಳಿದ ಕೈ ಇದು, ಅರ್ಧ ಲೋಟಕ್ಕೆ ಇಳಿಯಲು ಒಪ್ಪುತ್ತಿಲ್ಲ.

ಬ್ರೆಡ್ ಸುದ್ದಿ ಕೇಳಬೇಡ. ಮೊದಲ ಮೂರನ್ನು ಚಕ್ರದಡಿಗೇ ಕೊಡಬಹುದಿತ್ತು. ನಾಲ್ಕನೆಯದು ನಿಜಕ್ಕೂ ಚೆನ್ನಾಗಿ ಬಂತು. ಅದನ್ನು ಮುರಿದಾಗ ಬಂದ ಹಬೆಗೆ ಕಿಟಕಿಯೆಲ್ಲ ಮಂಜಾಯಿತು. "ನೋಡೇ" ಎಂದು ತಿರುಗಿದೆ.

ಈರುಳ್ಳಿ ತಳ ಹಿಡಿಯಿತು. ಆಮೇಲೆ ಬರೆಯುತ್ತೇನೆ.

ಶುಕ್ರವಾರ

ಬೇರೆ ಊರು. ಆ ಮೈದಾನ ಚೆನ್ನಾಗಿಯೇ ಇತ್ತು, ನಲ್ಲಿಯಲ್ಲಿ ನೀರಿತ್ತು, ನೆಲ ಸಮವಾಗಿತ್ತು. ಬಿಟ್ಟದ್ದಕ್ಕೆ ಕಾರಣ ಒಬ್ಬರು ನಿವೃತ್ತ ಹೆಡ್‌ಮಿಸ್ಟ್ರೆಸ್. ಬುಧವಾರ ಮಧ್ಯಾಹ್ನ ಅವರ ಮನೆಗಾಡಿ ಪಕ್ಕದಲ್ಲಿ ಬಂದು ನಿಂತಿತು. ಐದು ನಿಮಿಷಕ್ಕೆ ಮಡಚುವ ಮೇಜೊಂದು, ಕುರ್ಚಿ ಎರಡು ಹೊರಬಂದವು. ಒಬ್ಬರಿಗೆ ಎರಡು ಕುರ್ಚಿ ಏಕೆ ಎಂದು ಕೇಳಿದೆ.

"ಒಂದೇ ಹಾಕಿದ್ರೆ ಜನ ದೂರದಿಂದ್ಲೇ ಕೈ ಬೀಸಿ ಹೋಗ್ಬಿಡ್ತಾರೆ. ಎರಡಿದ್ರೆ ಬಂದು ಕೂರ್ತಾರೆ" ಎಂದರು.

ಓವನ್ನಿನಲ್ಲಿ ಕುಂಬಳಕಾಯಿ ಹೋಳುಗಳನ್ನು ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಸುಟ್ಟಿದ್ದೆ. ನೆರೆಯವರೆಂದು ಒಂದು ತಟ್ಟೆ ಒಯ್ದುಕೊಟ್ಟೆ. "ನಿಮ್ದೂ ತನ್ನಿ, ಕೂತ್ಕೊಳ್ಳಿ" ಎಂದರು. ನಲವತ್ತು ಮಕ್ಕಳನ್ನು ಒಟ್ಟಿಗೆ ಕೂರಿಸಿದ ದನಿ ಅದು. ನನ್ನ ಮೊಣಕಾಲು ತಾನಾಗಿ ಮಡಚಿಕೊಂಡಿತು. ಅವರು ಮೊದಲ ಹೋಳು ಬಾಯಿಗಿಟ್ಟು, ಅಗಿಯುತ್ತಾ ನನ್ನ ಮುಖ ನೋಡಿದರು. ಅಷ್ಟೇ. "ಒಲೆ ಆರ್ಸಿಲ್ಲ ಅನ್ಸುತ್ತೆ" ಎಂದು ಎದ್ದೆ. ಒಲೆ ಆರಿ ಅರ್ಧ ಗಂಟೆಯಾಗಿತ್ತು. ವಾಲ್ವ್ ಮುಟ್ಟಿ ನೋಡಿದೆ, ಇನ್ನೊಂದು ಸಲ ಮುಟ್ಟಿದೆ, ಡ್ರೈವರ್ ಸೀಟಿಗೆ ಹೋಗಿ ಗಾಡಿ ಹೊರಡಿಸಿಬಿಟ್ಟೆ. ನಮ್ಮ ನೀಲಿ ಅಂಚಿನ ತಟ್ಟೆ ಎರಡೂ ಅವರ ಮೇಜಿನ ಮೇಲೇ ಉಳಿದವು. ಬೈಯಬೇಡ. ಬಿಳಿ ತಟ್ಟೆ ಇನ್ನೂ ಇವೆ.

ಸೋಮವಾರ

ಮತ್ತೆ ಬೇರೆ ಊರು. ಭಾನುವಾರ ಬರುತ್ತೇನೆಂದು ಮೇಲೆ ಬರೆದದ್ದನ್ನು ಹೊಡೆದುಹಾಕಿಲ್ಲ, ಹಾಗೇ ಇರಲಿ. ಬೆಳಿಗ್ಗೆಯೇ ಹೊರಟಿದ್ದೆ. ನಿನ್ನಕ್ಕನ ಊರಿನ ರಸ್ತೆಗೆ ತಿರುಗುವ ಕಡೆ ಒಬ್ಬಳು ಒಳ್ಳೆ ಟೊಮೆಟೊ ಮಾರುತ್ತಿದ್ದಳು. ಇಳಿದು ಕೊಂಡೆ. ಕೊಂಡ ಮೇಲೆ ಇಷ್ಟು ಹಣ್ಣಾದದ್ದನ್ನು ಈಗಲೇ ಬೇಯಿಸಬೇಕು ಅನ್ನಿಸಿತು. ಬೇಯಿಸಿದ ಮೇಲೆ ಹೊತ್ತಾಯಿತು ಅನ್ನಿಸಿತು. ಗಾಡಿ ತಾನಾಗಿ ಬಂದ ದಾರಿಗೇ ತಿರುಗಿತು ಎಂದರೆ ನೀನು ನಂಬುವುದಿಲ್ಲ, ನಂಬಲೂ ಬೇಡ. ಎಲ್ಲೂ ಎರಡು ದಿನ ನಿಲ್ಲಲು ಆಗುತ್ತಿಲ್ಲ. ಒಂದು ಕಡೆ ನಾಯಿ ಬೊಗಳುತ್ತದೆ, ಇನ್ನೊಂದು ಕಡೆ ಯಾವುದೂ ಬೊಗಳುವುದಿಲ್ಲ. ಎರಡೂ ನನಗೆ ಹೊರಡುವ ನೆಪವೇ.

ಇವತ್ತು ಮಾರುಕಟ್ಟೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ಬೆನ್ನ ಮೇಲೊಂದು ಗುದ್ದು ಬಿತ್ತು. ನೋಡಿದರೆ ಪಿಂಗಾಣಿ. ನೆನಪಿದೆಯಲ್ಲ, ನನ್ನ ಜೊತೆ ಬೋಗಿಯಲ್ಲಿ ಪಾತ್ರೆ ತೊಳೆಯುತ್ತಿದ್ದವನು, ತೊಳೆದದ್ದಕ್ಕಿಂತ ಒಡೆದದ್ದೇ ಹೆಚ್ಚು. ಗಾಡಿಗೆ ಕರೆತಂದೆ. ಬ್ರೆಡ್ಡು, ನಾಲ್ಕು ಮೊಟ್ಟೆಯ ಆಮ್ಲೆಟ್ಟು, ಆ ಟೊಮೆಟೊ. ಸೀಟಿಲ್ಲವೆಂದು ಹಾಸಿಗೆಯ ಮೇಲೆ ಕೂತು, ತಟ್ಟೆ ತೊಡೆಯ ಮೇಲಿಟ್ಟುಕೊಂಡು ತಿಂದ.

"ನೀನ್ಯಾಕೋ ಕಂಬದ ಥರ ನಿಂತಿದ್ದೀಯ?" ಎಂದ.

"ರೈಲಿನ ಅಭ್ಯಾಸ."

ಕೆಮ್ಮು ಬರುವವರೆಗೆ ನಕ್ಕ. "ಯಾವ ರೈಲಯ್ಯಾ ಅದು? ನಾವೆಲ್ಲ ಎಣ್ಣೆ ಡಬ್ಬ ಬೋರಲು ಹಾಕ್ಕೊಂಡು ಸುತ್ತ ಕೂರ್ತಿದ್ವಿ. ಮೊದಲು ಡಬ್ಬ ಹಿಡೀತಿದ್ದೋನೇ ನೀನು. ನಿನ್ನ ಎಬ್ಬಿಸೋಕೆ ಮುಂದಿನ ಸ್ಟೇಷನ್ನೇ ಬರಬೇಕಿತ್ತು."

ಅವನಿಗೂ ವಯಸ್ಸಾಯಿತು. ಯಾರದೋ ವಿಷಯ ಯಾರ ತಲೆಗೋ ಕಟ್ಟುತ್ತಾನೆ. ಅದು ಬಿಡು.

ಅದು ಬಿಡು ಎಂದು ಬರೆದು ಅರ್ಧ ಗಂಟೆಯಾಯಿತು. ಬದನೆಕಾಯಿ ಕರಿಕಲಾಯಿತು. ನನ್ನ ಕೈಯಲ್ಲಿ ಹೀಗಾದದ್ದು ಯಾವ ಕಾಲದಲ್ಲೋ.

ಗುರುವಾರ, ೨೨

ಬಡಗಿಯೊಬ್ಬನ ಅಂಗಡಿಯ ಮುಂದೆ ಇದ್ದೇನೆ. ಓವನ್ ಇಳಿಸಿಯಾಯಿತು. ಅದು ಬಡಗಿಯ ಮಗಳ ಪಾಲಾಯಿತು. ಮೊದಲ ಮೂರು ಬ್ರೆಡ್ಡಿಗೆ ಎದೆಗುಂದಬಾರದೆಂದು ಅವಳಿಗೆ ಹೇಳಿದ್ದೇನೆ. ಅದರ ಕೆಳಗಿದ್ದ ನಿನ್ನ ಮೇಜಿನ ಹಲಗೆ ಎರಡು ತುಂಡಾಗಿದೆ, ಒಂದು ಮೂಲೆ ಕಾದು ಕಪ್ಪಾಗಿದೆ. ಹೊಸದು ಹಾಕೋಣವೆಂದ. ಬೇಡ, ಇದನ್ನೇ ಕೂಡಿಸು ಎಂದೆ. ಕೂಡಿಸಿದ ಗೆರೆ ಕಾಣುತ್ತದೆ ಎಂದ. ಕಾಣಲಿ ಎಂದೆ.

ಆಮೇಲೆ ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಒಂದು ಪ್ರಶ್ನೆ ಕೇಳಿದ.

"ಸೀಟು ಎದುರುಬದುರಾ, ಪಕ್ಕಪಕ್ಕನಾ? ಇಷ್ಟೇ ಜಾಗದಲ್ಲಿ ಎದುರುಬದುರು ಅಂದ್ರೆ ಮೊಣಕಾಲು ತಾಗುತ್ತೆ. ಪಕ್ಕಪಕ್ಕ ಮಾಡ್ಕೊಡ್ತೀನಿ, ಇಬ್ರೂ ಕಿಟಕಿ ನೋಡ್ಕೊಂಡು ಆರಾಮಾಗಿ ಉಣ್ಬೋದು."

ಪಕ್ಕಪಕ್ಕ ಎಂದು ಹೇಳಲು ಬಾಯಿ ತೆರೆದೆ. ನಿಜವಾಗಿಯೂ ತೆರೆದೆ. ಕೂತ ಹಾಗೂ ಆಯಿತು, ಮುಖ ನೋಡುವ ಪ್ರಮೇಯವೂ ಇಲ್ಲ, ನಿನ್ನ ಮಾತೂ ನಡೆದಂತಾಯಿತು. "ಯೋಚ್ನೆ ಮಾಡಿ, ಟೀ ಕುಡ್ಕೊಂಡು ಬರ್ತೀನಿ" ಎಂದು ಬಡಗಿ ಹೋದ. ಅವನ ಅಂಗಡಿಯ ಮುಂದೆ ಇಪ್ಪತ್ತು ಸಲ ಅತ್ತಿಂದಿತ್ತ ನಡೆದೆ. ಅವನು ಬಂದ ಮೇಲೆ ಏನು ಹೇಳಿದೆನೆಂದು ಇಲ್ಲಿ ಬರೆಯುವುದಿಲ್ಲ.

ಕಾಗದ ಉದ್ದವಾಯಿತು. ನಿನ್ನ ಮಂಡಿನೋವಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ನಿನ್ನಕ್ಕನಿಗೆ ನಮಸ್ಕಾರ ಹೇಳು, ಷಡ್ಡಕರಿಗೆ ಉಪ್ಪು ಕಡಿಮೆ ಹಾಕಿ ಬಡಿಸಲು ಹೇಳು. ಅವರ ಮೊಮ್ಮಗಳಿಗೆ ನನ್ನ ಆಶೀರ್ವಾದ, ಹೊಟ್ಟೆ ತುಂಬಾ ಉಂಡು ಗಟ್ಟಿಯಾಗಿ ಬೆಳೆಯಲಿ. ನೀನು ಎಲ್ಲಿದ್ದರೂ ಬಿಸಿಯಾದದ್ದನ್ನೇ ಉಣ್ಣುವಂತಾಗಲಿ.

ನೀನೇ ಹೆಸರಿಟ್ಟ,
ಸೌಟಪ್ಪ

ಮರೆತದ್ದು: ಮರೆತದ್ದಲ್ಲ, ಬಚ್ಚಿಟ್ಟದ್ದು. ಇವತ್ತು ಶನಿವಾರ, ಇದನ್ನು ಕೂತು ಬರೆಯುತ್ತಿದ್ದೇನೆ.

ಪಿಂಗಾಣಿ ಹೇಳಿದ್ದೇ ಸರಿ. ರೈಲಿನಲ್ಲಿ ನಾನು ಕೂತೇ ಉಣ್ಣುತ್ತಿದ್ದೆ. ನಿನಗೆ ಇಪ್ಪತ್ತೆಂಟು ವರ್ಷ ಸುಳ್ಳು ಹೇಳಿದ್ದೇನೆ.

ನಮ್ಮ ಮಗಳು ಏಳು ತಿಂಗಳಿಗೆ ಹುಟ್ಟಿ ಎರಡು ದಿನ ಇದ್ದಳಲ್ಲ, ನಾನು ಮನೆ ಮುಟ್ಟಿದ್ದು ಮೂರನೆಯ ದಿನ. ನಾನು ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದೇ ದಿನ ಮಧ್ಯಾಹ್ನ ನಿನ್ನಕ್ಕ ಗಂಜಿ ಮಾಡಿಟ್ಟು ನೀರಿಗೆ ಹೋಗಿದ್ದಳು. ಏಳಬಾರದೆಂದು ಎಲ್ಲರೂ ಹೇಳಿದ್ದರೂ ನೀನೇ ಎದ್ದು ಎರಡು ತಟ್ಟೆಗೆ ಬಡಿಸಿದೆ. ನನ್ನೆದುರಿಗೆ ಕೂತೆ. "ಎರಡು ದಿನದಿಂದ ಒಬ್ಬಳೇ ಉಣ್ಣೋಕಾಗ್ಲಿಲ್ಲ ರೀ, ನೀವು ಬರ್ಲಿ ಅಂತಿದ್ದೆ" ಎಂದೆ. ತಲೆಯೆತ್ತಿ ನಿನ್ನ ಮುಖ ನೋಡಿದೆ. ಅವಳು ಹೇಗಿದ್ದಳೆಂಬುದೆಲ್ಲ ಆ ಮುಖದಲ್ಲಿತ್ತು. ನೀನು ಈಗ ಅದನ್ನು ಹೇಳುತ್ತೀಯ, ನಾನು ಕೇಳಬೇಕಾಗುತ್ತದೆ ಎಂದು ಗೊತ್ತಾಯಿತು. ತಟ್ಟೆ ಎತ್ತಿಕೊಂಡು ಒಲೆಯ ಕಡೆ ಹೋಗಿ, ನಿನಗೆ ಬೆನ್ನು ಹಾಕಿ ನಿಂತು ಉಂಡೆ. ನೀನು ಏಕೆಂದು ಕೇಳಿದೆ. ರೈಲಿನ ಅಭ್ಯಾಸ ಎಂದೆ. ನೀನು ನಂಬಿದೆ. ಮರುದಿನ ಬೆಳಿಗ್ಗೆಯ ರೈಲಿಗೆ ಕೆಲಸಕ್ಕೆ ಹೋದೆ. ನೀನು ಅವಳ ವಿಷಯವನ್ನು ಯಾವತ್ತೂ ನನ್ನ ಹತ್ತಿರ ಹೇಳಲಿಲ್ಲ. ಹೇಳಲು ನಾನು ಎದುರಿಗೆ ಕೂತದ್ದಾದರೂ ಯಾವಾಗ?

ಲಕೋಟೆಯ ಮೇಲೆ ಸ್ಟಾಂಪ್ ಇಲ್ಲದ್ದನ್ನು ನೋಡಿರುತ್ತೀಯ. ನಾನೇ ಬಂದು ನಿಮ್ಮ ಬಾಗಿಲ ಸಂದಿಯಲ್ಲಿ ತೂರಿಸಿದ್ದೇನೆ. ಗಾಡಿ ನಿನ್ನಕ್ಕನ ಮನೆಯ ಹಿಂದಿನ ಗಲ್ಲಿಯಲ್ಲಿ, ಮುಚ್ಚಿದ ಪ್ರೆಸ್ಸಿನ ಮುಂದೆ ನಿಂತಿದೆ. ನಾಲ್ಕೂ ಚಕ್ರಕ್ಕೆ ಮರದ ತುಂಡು ಕೊಟ್ಟಿದ್ದೇನೆ, ಬಟ್ಟಲಿನ ನೀರು ಅಲ್ಲಾಡುತ್ತಿಲ್ಲ. ಗಾಡಿಯ ಕೀಲಿ ಈ ಲಕೋಟೆಯಲ್ಲೇ ಇದೆ. ಹೊರಡೋಣವೆಂದು ನನಗೆ ಎಷ್ಟೇ ಅನ್ನಿಸಿದರೂ ಇನ್ನು ಹೊರಡುವಂತಿಲ್ಲ.

ಸೀಟು ಎದುರುಬದುರೇ ಹಾಕಿಸಿದ್ದೇನೆ. ಮೊಣಕಾಲು ತಾಗುತ್ತದೆ. ಗಂಜಿ ಮಾಡಿ ನಿನ್ನ ಹೊದಿಕೆಯಲ್ಲಿ ಸುತ್ತಿಟ್ಟಿದ್ದೇನೆ, ಸಂಜೆಯವರೆಗೂ ಬಿಸಿ ಇರುತ್ತದೆ. ಬಾ. ಅವಳ ಮೂಗು ಯಾರ ಹಾಗಿತ್ತು, ಅತ್ತಳೋ ಇಲ್ಲವೋ, ಎಲ್ಲ ಹೇಳು. ನಾನು ಏಳುವುದಿಲ್ಲ.